ಅಟ್ರೋಪಿನ್ ಮತ್ತು ಅದರ ಬಳಗದ ಔಷಧಗಳು



ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಔಷಧವೆಂಬ ಅರ್ಥವಿರುವಂತೆಯೇ ವಿಷವೆಂಬ ಅರ್ಥವೂ ಉಂಟು. ‘ವೈದ್ಯರು ಮದ್ದು ಕೊಟ್ಟರು’ ಎಂದರೆ ರೋಗಿ ಗುಣಮುಖನಾಗುವನೆಂದು ಸಮಾಧಾನಪಡುತ್ತೇವೆ. ‘ಯಾರೋ ಮದ್ದು ಹಾಕಿದರು’ ಎಂದರೆ ಅನ್ನದಲ್ಲಿ ಕೇಡು ಬೆರೆತಿದೆಯೆಂದು ಬೆದರುತ್ತೇವೆ. ಒಂದೇ ಮಾತು ಎರಡು ವಿರುದ್ಧಾರ್ಥಗಳನ್ನು ಹೊತ್ತಿರುವುದು ಭಾಷೆಯ ದೋಷವೆಂದು ತೋರಬಹುದು. ಆದರೆ ಔಷಧಶಾಸ್ತ್ರವನ್ನು ಸ್ವಲ್ಪವಾದರೂ ಪರಿಚಯ ಮಾಡಿಕೊಂಡವರಿಗೆ, ನಮ್ಮ ಹಿರಿಯರ ಈ ಮಾತಿನಲ್ಲಿ ದೊಡ್ಡದೊಂದು ಅನುಭವ ಅಡಗಿದೆಯೆಂದು ತಿಳಿದೀತು. ಒಂದೇ ವಸ್ತು ಒಂದು ಅಳತೆಯಲ್ಲಿ ಪ್ರಾಣವನ್ನು ಉಳಿಸುವುದು. ಇನ್ನೊಂದು ಅಳತೆಯಲ್ಲಿ ಪ್ರಾಣವನ್ನು ತೆಗೆಯುವುದು. ಇದಕ್ಕೆ ಅಟ್ರೋಪಿನ್ ಮತ್ತು ಅದರ ಬಳಗದ ಔಷಧಗಳಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ವೈದ್ಯರು ಇವನ್ನು ಆಂಟಿಕೋಲಿನರ್ಜಿಕ್ ಔಷಧಗಳೆಂದು ಕರೆಯುತ್ತಾರೆ. ಹೆಸರು ಕಿವಿಗೆ ಒರಟಾಗಿದ್ದರೂ ಅದರ ಅರ್ಥ ಕಠಿಣವಾದುದಲ್ಲ. ಮುಂದೆ ತಾನಾಗಿಯೇ ತಿಳಿಯುವುದು. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುವವನು. ಆದಕಾರಣ ಚಿಕಿತ್ಸೆಯನ್ನು ವಿಧಿಸುವುದು ನನ್ನ ಉದ್ದೇಶವಲ್ಲ. ಈ ಔಷಧಗಳು ದೇಹದಲ್ಲಿ ಏನು ಮಾಡುತ್ತವೆ, ಅವುಗಳಿಂದ ಆಗುವ ಉಪಕಾರವೇನು, ಅಪಕಾರವೇನು ಎಂಬುದನ್ನು ತಮ್ಮ ಮುಂದೆ ಇಡುವುದಷ್ಟೇ ನನ್ನ ಕೆಲಸ.

ಊರ ಹೊರಗಿನ ತಿಪ್ಪೆಯ ಮಗ್ಗುಲಲ್ಲಿ, ಪಾಳುಗೋಡೆಯ ಬುಡದಲ್ಲಿ, ಯಾರೂ ನೆಡದೆ ಯಾರೂ ನೀರೆರೆಯದೆ ಬೆಳೆಯುವ ದತ್ತೂರಿಯನ್ನು ತಾವೆಲ್ಲರೂ ಕಂಡಿರುತ್ತೀರಿ. ಇದನ್ನು ಉಮ್ಮತ್ತಿ ಎಂದೂ, ಮದ್ದುಗುಣಿಕೆ ಎಂದೂ ಹಲವು ಕಡೆ ಕರೆಯುವುದುಂಟು. ಕಹಳೆಯಾಕಾರದ ಹೂವು, ಮುಳ್ಳುಮುಳ್ಳಾದ ಗುಂಡುಕಾಯಿ. ಹೂವು ಶಿವಪೂಜೆಗೆ ಸಲ್ಲುತ್ತದೆ. ಗಿಡವನ್ನು ಮಾತ್ರ ದನವೂ ಬಾಯಿ ಹಾಕದೆ ಬಿಡುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ಉನ್ಮತ್ತ’ ಎಂಬ ಹೆಸರಿರುವುದೇ ಇದರ ಗುಣವನ್ನು ಸಾರುತ್ತದೆ. ನಮ್ಮ ಅಡಿಗೆಮನೆಯ ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿಗಳು ಈ ದತ್ತೂರಿಗೆ ದಾಯಾದಿಗಳು. ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಯೂರೋಪಿನಲ್ಲಿ ಇದೇ ಕುಟುಂಬದ ಬೆಲ್ಲಡೋನ ಎಂಬ ಗಿಡ ಹೆಸರಾದುದು. ಆ ಮಾತಿಗೆ ಇಟಲಿಯ ಭಾಷೆಯಲ್ಲಿ ‘ಸುಂದರಿ’ ಎಂದರ್ಥ. ಅದರ ರಸವನ್ನು ಕಣ್ಣಿಗೆ ಬಿಟ್ಟರೆ ಪಾಪೆ ಅಗಲವಾಗುವುದು. ಹಾಗೆ ಅರಳಿದ ಕಣ್ಣು ಚೆಲುವಿನ ಲಕ್ಷಣವೆಂದು ಎಣಿಸಿ ಅಲ್ಲಿನ ಸ್ತ್ರೀಯರು ಅದನ್ನು ಬಳಸುತ್ತಿದ್ದರೆಂದು ಪ್ರತೀತಿ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಈ ಗಿಡಕ್ಕೆ ‘ಅಟ್ರೋಪ ಬೆಲ್ಲಡೋನ’ ಎಂದು ನಾಮಕರಣ ಮಾಡಿದನು. ಗ್ರೀಕರ ಪುರಾಣದಲ್ಲಿ ಮನುಷ್ಯನ ಆಯುಸ್ಸೆಂಬ ನೂಲನ್ನು ಕತ್ತರಿಸುವ ದೇವತೆಯ ಹೆಸರು ಅಟ್ರೋಪಾಸ್. ಒಂದು ಹೆಸರಿನಲ್ಲಿ ಮೃತ್ಯು, ಇನ್ನೊಂದರಲ್ಲಿ ಸೌಂದರ್ಯ. ಗಿಡದ ಇಬ್ಬಗೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಈ ಗಿಡಗಳ ಅಪಕಾರವೇ ಜನಕ್ಕೆ ಮೊದಲು ತಿಳಿದದ್ದು. 1676ರಲ್ಲಿ ಅಮೆರಿಕೆಯ ಜೇಮ್ಸ್‌ಟೌನಿಗೆ ದಂಗೆಯನ್ನು ಅಡಗಿಸಲು ಹೋದ ಇಂಗ್ಲಿಷ್ ಸಿಪಾಯಿಗಳು ದತ್ತೂರಿಯ ಎಳೆಯ ಸೊಪ್ಪನ್ನು ಪಲ್ಯವೆಂದು ಬೇಯಿಸಿ ತಿಂದು, ಹನ್ನೊಂದು ದಿವಸ ಹುಚ್ಚರಂತೆ ಅಲೆದರೆಂದು ಆ ದೇಶದ ಚರಿತ್ರಕಾರ ಬೆವರ್ಲಿ 1705ರಲ್ಲಿ ಬರೆದಿದ್ದಾನೆ. ನಮ್ಮ ದೇಶದಲ್ಲಿ ದಾರಿಗಳ್ಳರು ಪ್ರಯಾಣಿಕರಿಗೆ ಸ್ನೇಹ ತೋರಿಸಿ, ತಿಂಡಿಯಲ್ಲಿ ದತ್ತೂರಿಯ ಬೀಜವನ್ನು ಬೆರೆಸಿ ಕೊಟ್ಟು, ಅವರು ಮೈಮರೆತ ಮೇಲೆ ಗಂಟುಮೂಟೆ ದೋಚುತ್ತಿದ್ದರು. ಕಲ್ಕತ್ತೆಯಲ್ಲಿದ್ದ ನಾರ್ಮನ್ ಚೆವರ್ಸ್ ಎಂಬ ವೈದ್ಯನು 1856ರಲ್ಲಿ ಪ್ರಕಟಿಸಿದ ನ್ಯಾಯವೈದ್ಯಕ ಗ್ರಂಥದಲ್ಲಿ ಈ ವಿಷಪ್ರಯೋಗವನ್ನು ಕುರಿತು ವಿಸ್ತಾರವಾಗಿ ಹೇಳಿದೆ. ದತ್ತೂರಿಯ ಬೀಜವು ನೋಡುವುದಕ್ಕೆ ಮೆಣಸಿನಕಾಯಿಯ ಬೀಜವನ್ನು ಹೋಲುತ್ತದೆ. ಆದಕಾರಣ ಇವೆರಡರ ಭೇದವನ್ನು ಗುರುತಿಸುವ ಕ್ರಮವನ್ನು ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ.

ಉಪಕಾರವೂ ನಮ್ಮವರಿಗೆ ತಿಳಿಯದೆ ಇರಲಿಲ್ಲ. ಆಯುರ್ವೇದದಲ್ಲಿ ಉಬ್ಬಸಕ್ಕೆ ಹೇಳಿರುವ ಕನಕಾಸವದಲ್ಲಿ ‘ಕನಕ’ವೆಂದರೆ ಹೊನ್ನಲ್ಲ, ದತ್ತೂರಿ. ಉಬ್ಬಸದವರು ಅದರ ಒಣಗಿಸಿದ ಭಾಗಗಳ ಹೊಗೆಯನ್ನು ಸೇದುವ ಪದ್ಧತಿಯೂ ಇತ್ತು. ಮದರಾಸಿನಲ್ಲಿ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಎಂಬಾತನು ಈ ಕ್ರಮವನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಲಾಗಿ, 1802ರಲ್ಲಿ ಅದು ಬ್ರಿಟನ್ನನ್ನು ಸೇರಿತು. ಅಲ್ಲಿಂದ ಮುಂದೆ ದತ್ತೂರಿಯ ಚುಟ್ಟಗಳು ಯೂರೋಪಿನ ಔಷಧದಂಗಡಿಗಳಲ್ಲಿ ಒಂದು ಶತಮಾನಕ್ಕೂ ಮೀರಿ ಮಾರಾಟವಾದವು. ಈ ಸಂಗತಿಯನ್ನು ನೆನಪಿನಲ್ಲಿಡಿ. ಇದರ ಮುಂದಿನ ಕಥೆಯನ್ನು ಆಮೇಲೆ ಹೇಳುವೆನು.

ಗಿಡದ ಸಾರವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರ. 1831ರಲ್ಲಿ ಮೈನ್ ಎಂಬ ಜರ್ಮನ್ ಔಷಧ ತಯಾರಕನೂ, 1833ರಲ್ಲಿ ಗೈಗರ್ ಮತ್ತು ಹೆಸ್ಸೆ ಎಂಬಿಬ್ಬರೂ ಬೆಲ್ಲಡೋನದಿಂದ ಬಿಳಿಯ ಹರಳುಗಳಾದ ಅಟ್ರೋಪಿನನ್ನು ಪಡೆದರು. ಗಿಡದಲ್ಲಿ ಇರುವುದು ಬಹುಮಟ್ಟಿಗೆ ಹಯೋಸಯಮಿನ್ ಎಂಬ ವಸ್ತು. ತೆಗೆಯುವ ಕ್ರಿಯೆಯಲ್ಲಿ ಅದು ಅಟ್ರೋಪಿನ್ನಾಗಿ ಮಾರ್ಪಡುತ್ತದೆ. ಇದರ ಜೊತೆಗೆ ಹಯೋಸಿನ್ ಅಥವಾ ಸ್ಕೋಪೋಲಮಿನ್ ಎಂಬ ಇನ್ನೊಂದು ಸಾರವೂ ಈ ಕುಟುಂಬದ ಗಿಡಗಳಲ್ಲಿ ಉಂಟು. ಅದು ಮೆದುಳಿನ ಮೇಲೆ ಅಟ್ರೋಪಿನ್ನಿಗಿಂತ ಹೆಚ್ಚು ಪ್ರಭಾವವುಳ್ಳದ್ದು. ಸಾರವು ಕೈಗೆ ಬಂದ ಮೇಲೆ ಅದನ್ನು ತೂಕ ಮಾಡಿ ಕೊಡುವುದು ಸಾಧ್ಯವಾಯಿತು. ಬೀಜವನ್ನು ಎಣಿಸಿ ಕೊಡುತ್ತಿದ್ದ ಕಾಲಕ್ಕೂ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಕಾಲಕ್ಕೂ ಇರುವ ಅಂತರ ಇದೇ. ಎರಡು ಗಿಡಗಳ ಸಾರ ಒಂದೇ ಸಮನಾಗಿರುವುದಿಲ್ಲ. ಎರಡು ತೂಕಗಳು ಮಾತ್ರ ಒಂದೇ ಸಮನಾಗಿರಬಲ್ಲವು.

ಈಗ ಈ ವಸ್ತು ದೇಹದಲ್ಲಿ ಮಾಡುವ ಕೆಲಸವನ್ನು ನೋಡೋಣ. ನಮ್ಮ ಇಚ್ಛೆಯನ್ನು ಕೇಳದೆಯೇ ನಡೆಯುವ ವ್ಯಾಪಾರಗಳು ದೇಹದಲ್ಲಿ ಹಲವುಂಟು. ಹೃದಯದ ಬಡಿತ, ಜೊಲ್ಲು ಸುರಿಯುವುದು, ಕರುಳಿನ ಚಲನೆ, ಕಣ್ಣಿನ ಪಾಪೆಯ ಸಂಕೋಚ, ಮೂತ್ರಕೋಶ ಬರಿದಾಗುವುದು, ಇವೆಲ್ಲ ಅಂಥವು. ಇವುಗಳನ್ನು ನಡೆಯಿಸುವ ನರಗಳಲ್ಲಿ ಎರಡು ಪಂಗಡ. ಒಂದು ಪಂಗಡ ದೇಹವನ್ನು ಹೋರಾಟಕ್ಕೆ ಅಣಿಗೊಳಿಸುವುದು. ಇನ್ನೊಂದು ವಿಶ್ರಾಂತಿಗೂ ಜೀರ್ಣಕ್ರಿಯೆಗೂ ಅನುಕೂಲ ಮಾಡಿಕೊಡುವುದು. ಎರಡನೆಯ ಪಂಗಡದಲ್ಲಿ ಮುಖ್ಯವಾದುದು ಮೆದುಳಿನಿಂದ ಹೊರಟು ಹೃದಯಕ್ಕೂ ಉದರಕ್ಕೂ ಇಳಿದುಬರುವ ವೇಗಸ್ ನರ. ಇದನ್ನು ಕೆರಳಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ನರವು ಹೃದಯಕ್ಕೆ ತನ್ನ ಆಜ್ಞೆಯನ್ನು ಹೇಗೆ ಮುಟ್ಟಿಸುತ್ತದೆ? ತಂತಿಯ ಮೂಲಕ ವಿದ್ಯುತ್ತು ಹರಿದಂತೆಯೇ, ಅಥವಾ ಯಾವುದಾದರೂ ರಸವನ್ನು ಸುರಿಸಿಯೇ? ಬಹುಕಾಲ ಇದು ವಿವಾದದ ವಿಷಯವಾಗಿತ್ತು.

ಇದನ್ನು ಬಗೆಹರಿಸಿದವನು ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದ ಪ್ರಾಧ್ಯಾಪಕ ಆಟೋ ಲೋವಿ. ಪ್ರಯೋಗದ ಕ್ರಮ ತನಗೆ ಕನಸಿನಲ್ಲಿ ಹೊಳೆಯಿತೆಂದೂ, ಅರೆನಿದ್ದೆಯಲ್ಲಿ ಗೀಚಿಟ್ಟದ್ದನ್ನು ಬೆಳಿಗ್ಗೆ ಓದಲಾಗಲಿಲ್ಲವೆಂದೂ, ಮರುರಾತ್ರಿ ಅದೇ ಕನಸು ಬರಲಾಗಿ ಆ ಹೊತ್ತಿಗೇ ಎದ್ದು ಪ್ರಯೋಗಶಾಲೆಗೆ ನಡೆದೆನೆಂದೂ ಅವನೇ ಹೇಳಿಕೊಂಡಿದ್ದಾನೆ. ಪ್ರಯೋಗ ಬಹು ಸರಳ. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿ ಮಿಡಿಯುವಂತೆ ಇರಿಸಿದನು. ಮೊದಲನೆಯದರ ವೇಗಸ್ ನರವನ್ನು ಕೆರಳಿಸಿದನು. ಅದರ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ನೀರನ್ನು ತೆಗೆದು, ನರವನ್ನು ಮುಟ್ಟದೆಯೇ ಇದ್ದ ಎರಡನೆಯ ಹೃದಯಕ್ಕೆ ಎರೆದನು. ಅದೂ ನಿಧಾನವಾಯಿತು! ಎಂದರೆ, ನರವು ಯಾವುದೋ ರಸವನ್ನು ಸುರಿಸಿತು. ಆ ರಸವೇ ನೀರಿನಲ್ಲಿ ಬೆರೆತು ಎರಡನೆಯ ಹೃದಯಕ್ಕೂ ಆಜ್ಞೆಯನ್ನು ಒಯ್ದಿತು. ಇದು ಪ್ರಕಟವಾದುದು 1921ರಲ್ಲಿ. ಆ ರಸವೇ ಅಸಿಟೈಲ್‌ಕೋಲಿನ್. ಇಂಗ್ಲೆಂಡಿನ ಹೆನ್ರಿ ಡೇಲನೂ ಲೋವಿಯೂ 1936ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಎರಡು ವರ್ಷಗಳ ತರುವಾಯ ನಾಟ್ಸಿಗಳು ಆಸ್ಟ್ರಿಯವನ್ನು ಆಕ್ರಮಿಸಿದಾಗ, ಯೆಹೂದಿಯಾದ ಲೋವಿಯನ್ನು ಸೆರೆಯಲ್ಲಿಟ್ಟು, ಬಹುಮಾನದ ಹಣವನ್ನೂ ಕಸಿದುಕೊಂಡು, ದೇಶ ಬಿಡಿಸಿದರು.

ಈ ಪ್ರಯೋಗದಲ್ಲಿ ಅಟ್ರೋಪಿನ್ನಿಗೂ ಒಂದು ಪಾತ್ರವುಂಟು. ಹೃದಯಕ್ಕೆ ಮೊದಲೇ ಅಟ್ರೋಪಿನ್ ಕೊಟ್ಟಿದ್ದರೆ ನರವು ರಸವನ್ನು ಎಂದಿನಂತೆ ಸುರಿಸುತ್ತದೆ. ಹೃದಯ ಮಾತ್ರ ಅದಕ್ಕೆ ಮಣಿಯುವುದಿಲ್ಲ. ಬೀಗ ಮತ್ತು ಬೀಗದ ಕೈಯ ಉಪಮಾನದಿಂದ ಇದನ್ನು ತಿಳಿಯಬಹುದು. ಜೀವಕೋಶದ ಮೇಲೆ ಅಸಿಟೈಲ್‌ಕೋಲಿನ್ನಿಗೆ ತಕ್ಕ ಬೀಗಗಳಿವೆ. ಅಟ್ರೋಪಿನ್ ಆ ಬೀಗದ ರಂಧ್ರದಲ್ಲಿ ಹೊಕ್ಕು ಕುಳಿತುಕೊಳ್ಳಬಲ್ಲದು; ಆದರೆ ಬೀಗವನ್ನು ತೆರೆಯಲಾರದು. ನಿಜವಾದ ಕೈ ಬಂದರೆ ಜಾಗವಿಲ್ಲ. ಅಸಿಟೈಲ್‌ಕೋಲಿನ್ ಹೇರಳವಾಗಿದ್ದರೆ ಅಟ್ರೋಪಿನ್ನನ್ನು ಹೊರದೂಡೀತು; ಅಟ್ರೋಪಿನ್ ಹೆಚ್ಚಾಗಿದ್ದರೆ ಅದೇ ಗೆದ್ದೀತು. ಇದು ಪೈಪೋಟಿಯ ವ್ಯವಹಾರ. ಈ ಬೀಗಗಳಲ್ಲಿ ಎರಡು ಜಾತಿಗಳಿವೆಯೆಂದು ಡೇಲನು 1914ರಲ್ಲಿ ತೋರಿಸಿದನು. ನಾಯಿಕೊಡೆಯೊಂದರ ವಿಷವಾದ ಮಸ್ಕರಿನ್ನಿಗೆ ತೆರೆಯುವವು ಒಂದು ಜಾತಿ. ಹೊಗೆಸೊಪ್ಪಿನ ನಿಕೋಟಿನ್ನಿಗೆ ತೆರೆಯುವವು ಇನ್ನೊಂದು. ಹೃದಯ, ಗ್ರಂಥಿಗಳು, ಕರುಳು, ಕಣ್ಣು ಮೊದಲಾದವುಗಳಲ್ಲಿ ಇರುವುದು ಮುಖ್ಯವಾಗಿ ಮೊದಲನೆಯದು. ಕೈಕಾಲುಗಳ ಮಾಂಸಖಂಡಗಳಲ್ಲಿ ಎರಡನೆಯದು. ಅಟ್ರೋಪಿನ್ ಅಡ್ಡಗಟ್ಟುವುದು ಮೊದಲನೆಯದನ್ನು ಮಾತ್ರ. ಮುಂದೆ ವಿಷಚಿಕಿತ್ಸೆಯ ಪ್ರಸ್ತಾಪ ಬಂದಾಗ ಈ ಭೇದ ಎಷ್ಟು ಮುಖ್ಯವೆಂಬುದು ತಿಳಿಯುವುದು. ಅಸಿಟೈಲ್‌ಕೋಲಿನ್ನನ್ನು ವಿರೋಧಿಸುವುದರಿಂದಲೇ ಈ ಬಳಗಕ್ಕೆ ಆಂಟಿಕೋಲಿನರ್ಜಿಕ್ ಎಂಬ ಹೆಸರು.

ಇಷ್ಟನ್ನು ತಿಳಿದರೆ ಔಷಧದ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ತರ್ಕದಿಂದಲೇ ಹೇಳಬಹುದು. ಪ್ರಾಯದವರಿಗೆ ಅರ್ಧ ಮಿಲಿಗ್ರಾಂ ಅಟ್ರೋಪಿನ್ ಕೊಟ್ಟರೆ ಬಾಯಿ ಕೊಂಚ ಒಣಗುವುದು, ಬೆವರು ಕಡಮೆಯಾಗುವುದು. ನಾಡಿ ಮೊದಲು ತುಸು ನಿಧಾನವಾಗುವುದೂ ಉಂಟು. ಒಂದು ಮಿಲಿಗ್ರಾಂ ಆದರೆ ನಾಡಿ ವೇಗವಾಗುವುದು, ಬಾಯಾರಿಕೆ ತೋರುವುದು, ಪಾಪೆ ಅರಳುವುದು. ಎರಡಕ್ಕೆ ಎದೆ ಡವಗುಟ್ಟುವುದು, ಹತ್ತಿರದ ಅಕ್ಷರ ಮಸುಕಾಗುವುದು. ಐದಕ್ಕೆ ಮಾತು ತೊದಲುವುದು, ಚರ್ಮ ಒಣಗಿ ಬಿಸಿಯಾಗುವುದು, ಮೂತ್ರ ಕಟ್ಟುವುದು, ನಿಂತಲ್ಲಿ ನಿಲ್ಲಲಾರದ ಕಳವಳ. ಹತ್ತನ್ನು ಮೀರಿದರೆ ಭ್ರಾಂತಿ, ಇಲ್ಲದ್ದನ್ನು ಕಾಣುವುದು, ಕೊನೆಗೆ ಎಚ್ಚರ ತಪ್ಪುವುದು. ದತ್ತೂರಿ ತಿಂದವನು ಗಾಳಿಯಲ್ಲಿ ಇಲ್ಲದ ದಾರವನ್ನು ಎಳೆಯುವುದೂ, ಹಾಸಿಗೆಯನ್ನು ತಡಕುವುದೂ ಈ ಕೊನೆಯ ಮೆಟ್ಟಿಲಿನ ಗುರುತುಗಳು. ಬೆವರು ನಿಂತುಹೋಗುವುದರಿಂದ ಮೈಯ ಉಷ್ಣ ಹೊರಗೆ ಹೋಗಲು ದಾರಿಯಿಲ್ಲ. ಮಕ್ಕಳಿಗೆ ಇದೇ ದೊಡ್ಡ ಅಪಾಯ. ಬೇಸಗೆಯಲ್ಲಿ ರಾಯಚೂರು ಕಲಬುರಗಿಗಳ ಕಡೆಯ ಬಿಸಿಲನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇನ್ನು ಉಪಯೋಗಗಳು. ಕಣ್ಣಿನ ವೈದ್ಯರು ಒಳಗಣ ಪಟಲವನ್ನು ಪರೀಕ್ಷಿಸುವುದಕ್ಕಾಗಿ ಪಾಪೆಯನ್ನು ಅರಳಿಸುತ್ತಾರೆ. ಅಟ್ರೋಪಿನ್ನಿನ ಪರಿಣಾಮ ಕಣ್ಣಿನಲ್ಲಿ ಒಂದು ವಾರಕ್ಕೂ ಮೀರಿ ಉಳಿಯಬಹುದು. ಆದಕಾರಣ ಬರಿಯ ಪರೀಕ್ಷೆಗೆ, ಕೆಲವು ಗಂಟೆಗಳಲ್ಲಿ ಇಳಿದುಹೋಗುವ ಟ್ರೋಪಿಕಮೈಡ್ ಮೊದಲಾದವುಗಳನ್ನು ಬಳಸುತ್ತಾರೆ. ಒಳಗಣ್ಣಿನ ಉರಿಯೂತಕ್ಕೆ ಅಟ್ರೋಪಿನ್ನೇ ಬೇಕಾಗುವುದುಂಟು. ಇಲ್ಲಿ ಗೃಹಸ್ಥರು ಗಮನಿಸತಕ್ಕ ಒಂದು ಲೆಕ್ಕವಿದೆ. ನೂರಕ್ಕೆ ಒಂದು ಪಾಲಿನ ಅಟ್ರೋಪಿನ್ ಹನಿಯೊಂದರಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಔಷಧವಿರುತ್ತದೆ. ಕಣ್ಣಿನಿಂದ ಅದು ಮೂಗಿಗೆ ಇಳಿದು ರಕ್ತವನ್ನು ಸೇರಬಲ್ಲದು. ಮಕ್ಕಳಿಗೆ ಹಾಕುವಾಗ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮಕ್ಕಳ ಸಮೀಪದೃಷ್ಟಿ ಹೆಚ್ಚದಂತೆ ತಡೆಯಲು ಇದಕ್ಕಿಂತ ಬಹು ತೆಳುವಾದ ಹನಿಗಳನ್ನು ಬಳಸುವ ಕ್ರಮ ಸಿಂಗಪುರದ ಸಂಶೋಧನೆಗಳಿಂದ ಪ್ರಸಿದ್ಧಿಗೆ ಬಂದಿತು. ನೂರನೆಯ ಒಂದು ಪಾಲಿಗೆ ಇಳಿಸಿದ ಹನಿಯೂ ಉಪಯುಕ್ತವೆಂದು 2012ರಲ್ಲಿ ಅಲ್ಲಿಂದ ವರದಿಯಾಯಿತು. ಅಷ್ಟು ತೆಳುವಾದುದರಿಂದ ಪ್ರಯೋಜನ ಕಾಣಲಿಲ್ಲವೆಂದು 2023ರಲ್ಲಿ ಅಮೆರಿಕೆಯ ಪರೀಕ್ಷೆಯೊಂದು ತಿಳಿಸಿತು. ಅದಕ್ಕಿಂತ ಕೊಂಚ ಗಟ್ಟಿಯಾದ ಹನಿಯ ಕಡೆಗೆ ಈಗ ಹಲವರ ಒಲವು.

ಹೃದಯದ ಬಡಿತ ಅಪಾಯಕರವಾಗಿ ಇಳಿದಾಗ ಅಟ್ರೋಪಿನ್ ಚುಚ್ಚುಮದ್ದು ಇಂದಿಗೂ ಮೊದಲ ಆಯುಧ. ವೇಗಸ್ ನರದ ಕಡಿವಾಣವನ್ನು ಅದು ಸಡಿಲಿಸುತ್ತದೆ. ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲದಲ್ಲಿ ರೋಗಿಯ ಬಾಯಿಗಂಟಲುಗಳಲ್ಲಿ ಜೊಲ್ಲು ತುಂಬಿ ಉಸಿರು ಕಟ್ಟುತ್ತಿತ್ತು. ಅದನ್ನು ಒಣಗಿಸಲು ಮೊದಲೇ ಅಟ್ರೋಪಿನ್ ಕೊಡುತ್ತಿದ್ದರು. ಈಗಿನ ಅರಿವಳಿಕೆಗಳಲ್ಲಿ ಆ ತೊಂದರೆ ಕಡಮೆ. ಬೇಕಾದೆಡೆ ಗ್ಲೈಕೋಪಿರೋಲೇಟನ್ನು ಬಳಸುತ್ತಾರೆ. ಇದರ ವಿಶೇಷವೇನೆಂದರೆ ಇದು ರಕ್ತದಿಂದ ಮೆದುಳಿನೊಳಕ್ಕೆ ಸುಲಭವಾಗಿ ಹೋಗಲಾರದು. ಔಷಧದ ಅಣುವಿಗೆ ನಿತ್ಯವಾದ ವಿದ್ಯುದಂಶವೊಂದನ್ನು ಅಂಟಿಸಿದರೆ ಮೆದುಳಿನ ಸುತ್ತಲಿನ ತಡೆಗೋಡೆ ಅದನ್ನು ಒಳಗೆ ಬಿಡದು. ಈ ಉಪಾಯದಿಂದ ದತ್ತೂರಿಯ ಉಪಕಾರವನ್ನು ಇಟ್ಟುಕೊಂಡು, ಅದರ ಹುಚ್ಚನ್ನು ಬಿಟ್ಟುಬಿಡುವುದು ಸಾಧ್ಯವಾಯಿತು.

ಮದರಾಸಿನಿಂದ ಹೊರಟ ಹೊಗೆಯ ಕಥೆ ಮುಗಿಯುವುದೂ ಇಲ್ಲಿಯೇ. ಉಬ್ಬಸದಲ್ಲಿ ಶ್ವಾಸನಾಳಗಳು ಬಿಗಿದುಕೊಳ್ಳುತ್ತವೆ. ಬಿಗಿಯುವ ಆಜ್ಞೆಯನ್ನು ಒಯ್ಯುವುದು ಅಸಿಟೈಲ್‌ಕೋಲಿನ್. ದತ್ತೂರಿಯ ಹೊಗೆ ಅದನ್ನು ಅಡ್ಡಗಟ್ಟುತ್ತಿತ್ತು, ಆದರೆ ಹೊಗೆಯಿಂದಲೇ ಶ್ವಾಸಕೋಶ ಕೆಡುತ್ತಿತ್ತು, ತಲೆಯೂ ತಿರುಗುತ್ತಿತ್ತು. ಇಂದು ಇಪ್ರಟ್ರೋಪಿಯಂ, ಟಿಯೋಟ್ರೋಪಿಯಂ ಎಂಬ ಅದೇ ಬಳಗದ ಔಷಧಗಳನ್ನು ಪಿಚಕಾರಿಯಂಥ ಸಣ್ಣ ಉಪಕರಣದಿಂದ ಉಸಿರಿನೊಡನೆ ಎಳೆದುಕೊಳ್ಳುತ್ತಾರೆ. ಇವುಗಳಿಗೂ ಮೆದುಳಿನ ಬಾಗಿಲು ಮುಚ್ಚಿದೆ. ಬಹುಕಾಲ ಬೀಡಿ ಸೇದಿ, ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರಿಗೆ ಟಿಯೋಟ್ರೋಪಿಯಂ ದಿನಕ್ಕೊಮ್ಮೆ ತೆಗೆದುಕೊಂಡರೆ ಸಾಕಾಗುವ ಔಷಧ. ಇದಲ್ಲದೆ ಹೊಟ್ಟೆಯ ನುಲಿತಕ್ಕೆ ಡೈಸೈಕ್ಲೊಮಿನ್, ಪದೇಪದೇ ಮೂತ್ರದ ಅವಸರವಾಗುವವರಿಗೆ ಆಕ್ಸಿಬ್ಯುಟಿನಿನ್, ಪಾರ್ಕಿನ್ಸನ್ ರೋಗದ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಹಡಗು ಬಸ್ಸುಗಳ ಪ್ರಯಾಣದಲ್ಲಿ ಬರುವ ವಾಕರಿಕೆಗೆ ಹಯೋಸಿನ್, ಇವೆಲ್ಲ ಒಂದೇ ಮನೆತನದವು. ಹಯೋಸಿನ್ನಿನ ಪಟ್ಟಿಯನ್ನು ಕಿವಿಯ ಹಿಂದೆ ಅಂಟಿಸಿಕೊಂಡರೆ ಮೂರು ದಿನ ಕೆಲಸ ಮಾಡುವುದು.

ಈ ಎಲ್ಲ ಉಪಯೋಗಗಳಿಗಿಂತ ನಮ್ಮ ನಾಡಿಗೆ ಹೆಚ್ಚು ಅಗತ್ಯವಾದುದು ಇನ್ನೊಂದುಂಟು. ಬೆಳೆಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ವರ್ಗವೊಂದಿದೆ. ಅಸಿಟೈಲ್‌ಕೋಲಿನ್ ತನ್ನ ಕೆಲಸವನ್ನು ಮಾಡಿದೊಡನೆಯೇ ಅದನ್ನು ಒಡೆದುಹಾಕುವ ಕಿಣ್ವವೊಂದು ದೇಹದಲ್ಲಿದೆ. ಈ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಅಸಿಟೈಲ್‌ಕೋಲಿನ್ ಉಕ್ಕಿ ಹರಿಯುತ್ತದೆ. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ ಭೇದಿ, ಸೂಜಿಮೊನೆಯಷ್ಟಾದ ಪಾಪೆ, ನಿಧಾನವಾಗುವ ನಾಡಿ. ಶ್ವಾಸಕೋಶದಲ್ಲಿ ದ್ರವ ತುಂಬಿ, ರೋಗಿ ನೆಲದ ಮೇಲಿದ್ದೇ ನೀರಿನಲ್ಲಿ ಮುಳುಗಿದವನಂತೆ ಸಾಯುತ್ತಾನೆ. ದತ್ತೂರಿಯ ಲಕ್ಷಣಗಳನ್ನು ತಿರುಗುಮುರುಗು ಮಾಡಿದರೆ ಈ ಚಿತ್ರ ಬರುವುದೆಂಬುದನ್ನು ತಾವು ಗಮನಿಸಿರಬಹುದು. 1958ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಬಂದ ಆಹಾರಪದಾರ್ಥಗಳಿಗೆ ಪ್ಯಾರಥಿಯಾನ್ ಎಂಬ ಇಂಥ ವಿಷ ಸೋರಿ ಬೆರೆತು, ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಮಡಿದರು. ಈ ದೇಶದ ಹಳ್ಳಿಗಳಲ್ಲಿ, ಸಾಲದಿಂದಲೋ ಮನಸ್ತಾಪದಿಂದಲೋ ಮನಸ್ಸು ಕದಡಿದ ಗಳಿಗೆಯಲ್ಲಿ ಕೈಗೆ ಸಿಕ್ಕ ಕೀಟನಾಶಕವನ್ನು ಕುಡಿದವರನ್ನು ಆಸ್ಪತ್ರೆಗಳು ಇಂದಿಗೂ ಕಾಣುತ್ತಲೇ ಇವೆ.

ಇವರನ್ನು ಉಳಿಸುವ ಮದ್ದು ಅಟ್ರೋಪಿನ್. ಒಂದು ವಿಷಕ್ಕೆ ಇನ್ನೊಂದು ವಿಷ ಪ್ರತಿವಿಷವಾಗುವುದೆಂಬುದನ್ನು ಎಡಿನ್‌ಬರೋದ ಥಾಮಸ್ ಫ್ರೇಸರ್ 1870ರ ಸುಮಾರಿನಲ್ಲಿ, ಆಫ್ರಿಕದ ಕ್ಯಾಲಬಾರ್ ಕಾಳಿನ ವಿಷವನ್ನು ಅಟ್ರೋಪಿನ್ನಿನ ಎದುರು ನಿಲ್ಲಿಸಿ, ಪ್ರಯೋಗಗಳಿಂದ ತೋರಿಸಿದ್ದನು. ಕ್ಯಾಲಬಾರ್ ಕಾಳಿನ ವಿಷವೂ ಅದೇ ಕಿಣ್ವವನ್ನೇ ಕಟ್ಟುವಂಥದು. ಆದರೆ ಮೊದಲು ಹೇಳಿದಂತೆ ಇದು ಪೈಪೋಟಿ; ಎದುರಾಳಿ ಉಕ್ಕಿ ಹರಿಯುತ್ತಿರುವಾಗ ಮಾಮೂಲು ಅಳತೆ ಸಾಲದು. ಎರಡು ಮೂರು ಮಿಲಿಗ್ರಾಂ ಕೊಟ್ಟು, ಐದು ನಿಮಿಷ ನೋಡಿ, ಸಾಲದಿದ್ದರೆ ಅದರ ಇಮ್ಮಡಿ, ಮತ್ತೆ ಇಮ್ಮಡಿ, ಹೀಗೆ ಶ್ವಾಸಕೋಶ ಒಣಗಿ ಉಸಿರು ತಿಳಿಯಾಗಿ ನಾಡಿಯೂ ರಕ್ತದೊತ್ತಡವೂ ಏರುವವರೆಗೆ ಕೊಡುವುದು ಈಗ ಒಪ್ಪಿರುವ ಕ್ರಮ. ಪಾಪೆ ಅರಳಿತೆ ಎಂದು ಕಾಯುವುದು ತಪ್ಪು. ಕಣ್ಣು ತಡವಾಗಿ ಉತ್ತರ ಕೊಡುತ್ತದೆ, ಎದೆಯ ಶಬ್ದವೇ ಸರಿಯಾದ ಸಾಕ್ಷಿ. ಬಾಂಗ್ಲಾದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಹಳೆಯ ಕ್ರಮದಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 22.5 ಮಂದಿ ತೀರಿಕೊಂಡರೆ, ಇಮ್ಮಡಿಸುವ ಕ್ರಮದಲ್ಲಿ ಪಡೆದವರಲ್ಲಿ ನೂರಕ್ಕೆ 8 ಮಂದಿ ಮಾತ್ರ ತೀರಿಕೊಂಡರು. ಔಷಧ ಅದೇ, ಕೊಡುವ ಕ್ರಮ ಬೇರೆ. ಆದರೂ ಅಟ್ರೋಪಿನ್ನಿಗೆ ಒಂದು ಎಲ್ಲೆಯುಂಟು. ಉಸಿರಾಟದ ಮಾಂಸಖಂಡಗಳ ಬೀಗ ನಿಕೋಟಿನ್ ಜಾತಿಯದು. ಅಲ್ಲಿನ ದೌರ್ಬಲ್ಯವನ್ನು ಅಟ್ರೋಪಿನ್ ಮುಟ್ಟಲಾರದು. ಅದಕ್ಕೆ ಯಂತ್ರದ ಉಸಿರಾಟವೇ ಬೇಕಾಗಬಹುದು. ಆದುದರಿಂದ ಹತ್ತಿರದವರು ಮಾಡತಕ್ಕದ್ದು ಇಷ್ಟು: ವಿಷ ತಗುಲಿದ ಬಟ್ಟೆಯನ್ನು ತೆಗೆದು, ತಮ್ಮ ಕೈಗೆ ಅಂಟದಂತೆ ನೋಡಿಕೊಂಡು ಮೈಯನ್ನು ಸೋಪು ನೀರಿನಿಂದ ತೊಳೆಯುವುದು, ಎಡಮಗ್ಗುಲಾಗಿ ಮಲಗಿಸುವುದು, ವಾಂತಿ ಮಾಡಿಸಲು ಹೋಗದೆ, ಮನೆಮದ್ದು ಹಾಕದೆ, ಸೀಸೆಯ ಚೀಟಿಯ ಸಮೇತ ಆಸ್ಪತ್ರೆಗೆ ಒಯ್ಯುವುದು. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯುಂಟು.

ಕೊನೆಯದಾಗಿ ನಗರವಾಸಿಗಳಾದ ನಮ್ಮ ಮನೆಗಳ ವಿಷಯ. ದತ್ತೂರಿ ತಿಪ್ಪೆಯ ಬಳಿ ಮಾತ್ರ ಇದೆಯೆಂದು ತಿಳಿಯಬಾರದು. ಅದರ ಗುಣವುಳ್ಳ ಔಷಧಗಳು ನಮ್ಮ ಗೂಡಿನಲ್ಲಿಯೇ ಇವೆ. ನೆಗಡಿ ನವೆಗಳಿಗೆ ನುಂಗುವ ಹಳೆಯ ತಲೆಮಾರಿನ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ನರಗಳ ನೋವಿಗೂ ನಿದ್ರೆಗೂ ಕೊಡುವ ಅಮಿಟ್ರಿಪ್ಟಿಲಿನ್, ಇವು ಬೇರೆ ಕೆಲಸಕ್ಕೆ ಬಂದವಾದರೂ ಅಟ್ರೋಪಿನ್ನಿನ ಗುಣವನ್ನೂ ಜೊತೆಯಲ್ಲಿ ತರುತ್ತವೆ. ಒಂದೊಂದೂ ಅಲ್ಪವೆಂದು ತೋರಿದರೂ ಮೂರು ನಾಲ್ಕು ಕೂಡಿದರೆ ಹನಿಗೂಡಿದ ಹಳ್ಳದಂತಾಗುವುದು. ನೆನಪಿನ ಕೆಲಸಕ್ಕೂ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಬೇಕು. ವಯಸ್ಸಾದವರಲ್ಲಿ ಅದರ ಕೊರತೆ ಮೊದಲೇ ಇರುತ್ತದೆ. ಅಜ್ಜನಿಗೆ ನಿನ್ನೆಯವರೆಗೆ ನೆಟ್ಟಗಿದ್ದ ಬುದ್ಧಿ ಇಂದು ತಟ್ಟನೆ ಕದಡಿದರೆ, ರಾತ್ರಿ ಇಲ್ಲದವರನ್ನು ಕರೆದರೆ, ಮೂತ್ರ ಕಟ್ಟಿದರೆ, ಬಾಯಿ ಒಣಗಿ ಅನ್ನ ಇಳಿಯದಿದ್ದರೆ, ‘ವಯಸ್ಸಾಯಿತು’ ಎಂದು ಸುಮ್ಮನಾಗುವ ಮೊದಲು ಅವರ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಸುರಿಯಬೇಕು. ಮರೆವಿನ ರೋಗಕ್ಕೆ ಅಸಿಟೈಲ್‌ಕೋಲಿನ್ನನ್ನು ಹೆಚ್ಚಿಸುವ ಡೊನೆಪೆಜಿಲ್ ಒಬ್ಬ ವೈದ್ಯರಿಂದ, ಮೂತ್ರದ ಅವಸರಕ್ಕೆ ಅದನ್ನು ತಡೆಯುವ ಆಕ್ಸಿಬ್ಯುಟಿನಿನ್ ಇನ್ನೊಬ್ಬರಿಂದ ಬಂದು, ಒಂದೇ ದೇಹದಲ್ಲಿ ಎತ್ತು ಏರಿಗೆ ಕೋಣ ನೀರಿಗೆ ಎಳೆದಂತಾಗುವುದು ಅಪರೂಪವೇನಲ್ಲ. ಇಂಥ ಔಷಧಗಳನ್ನು ಮುದುಕರಿಗೆ ಕೊಡುವಾಗ ಎಚ್ಚರವಿರಬೇಕೆಂದು ಅಮೆರಿಕೆಯಲ್ಲಿ 1991ರಿಂದ ಬೀರ್ಸ್ ಪಟ್ಟಿ ಎಂಬುದೊಂದು ಪ್ರಚಾರದಲ್ಲಿದೆ. ದೀರ್ಘಕಾಲ ಬಳಸಿದವರಲ್ಲಿ ಮರೆವಿನ ರೋಗ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು; ಔಷಧವೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲವಾದರೂ, ಎಚ್ಚರಿಕೆಗೆ ಅಷ್ಟು ಸಾಕು. ಕಣ್ಣಿನ ಒತ್ತಡದ ರೋಗದಲ್ಲಿ ಕೋನ ಕಿರಿದಾಗಿರುವವರಿಗೂ, ಪ್ರಾಸ್ಟೇಟ್ ಗ್ರಂಥಿ ಬೆಳೆದಿರುವವರಿಗೂ ಇವು ತಟ್ಟನೆ ಕೇಡು ಮಾಡಬಲ್ಲವು. ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿಯೇ ಒಮ್ಮೆಗೇ ನಿಲ್ಲಿಸಕೂಡದು. ಅದನ್ನು ವೈದ್ಯರೇ ನಿರ್ಧರಿಸಬೇಕು.

ಈ ಬಳಗದ ಚರಿತ್ರೆ ಇನ್ನೂ ಮುಗಿದಿಲ್ಲ. ಸ್ಕಿಜೋಫ್ರೀನಿಯ ಎಂಬ ಮನೋರೋಗಕ್ಕೆ 2024ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಔಷಧವೊಂದರಲ್ಲಿ ಎರಡು ವಸ್ತುಗಳಿವೆ. ಕ್ಸಾನೋಮೆಲಿನ್ ಎಂಬುದು ಮೆದುಳಿನೊಳಗೆ ಹೋಗಿ ಅಸಿಟೈಲ್‌ಕೋಲಿನ್ನಿನ ಬೀಗಗಳನ್ನು ತೆರೆಯುತ್ತದೆ. ಟ್ರಾಸ್ಪಿಯಂ ಎಂಬುದು ಮೆದುಳನ್ನು ಹೊಗಲಾರದೆ ಹೊರಗುಳಿದು, ಹೊಟ್ಟೆ ಕರುಳುಗಳಲ್ಲಿ ಅದೇ ಬೀಗಗಳನ್ನು ಮುಚ್ಚಿ, ಮೊದಲನೆಯದರ ಉಪದ್ರವವನ್ನು ತಡೆಯುತ್ತದೆ. ಒಂದು ಕಾಲದಲ್ಲಿ ಮನುಷ್ಯನಿಗೆ ಹುಚ್ಚು ಹಿಡಿಸುತ್ತಿದ್ದ ಗಿಡದ ಬಳಗಕ್ಕೆ ಸೇರಿದ ವಸ್ತುವೊಂದು ಇಂದು ಮನೋರೋಗದ ಚಿಕಿತ್ಸೆಯಲ್ಲಿ ಕಾವಲುಗಾರನಾಗಿ ನಿಂತಿದೆ.

ಗಿಡದಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಎಷ್ಟು, ಯಾರಿಗೆ, ಯಾವಾಗ, ಯಾವುದರ ಜೊತೆ ಎಂಬ ನಾಲ್ಕು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ ಅದು ಮದ್ದು. ಸಿಗದಿದ್ದರೂ ಅದು ಮದ್ದೇ, ಆ ಮಾತಿನ ಇನ್ನೊಂದು ಅರ್ಥದಲ್ಲಿ. ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಮಾತ್ರೆಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ, ಈ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ನಾಳೆ ತಮ್ಮ ವೈದ್ಯರನ್ನು ಕೇಳಿದರೆ, ಇಷ್ಟು ಹೊತ್ತು ತಾವು ಸಮಾಧಾನದಿಂದ ಆಲಿಸಿದ್ದು ಸಾರ್ಥಕವಾದೀತು.